ಒಣದ್ರಾಕ್ಷಿಯ ಪಾಠ

ಕಳೆದ ವರ್ಷ ಮಾರ್ಚಿನಲ್ಲಿ ನಮ್ಮ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಗಳಿಗೆಂದು ಒಂದು ದಿನದ ಮೈಂಡ್‌ಫುಲ್‌ನೆಸ್ ಕಾರ್ಯಾಗಾರ ನಡೆಯಿತು. ಸೆಮಿನಾರ್ ಹಾಲಿನಲ್ಲಿ ಅರವತ್ತು ಜನ ಕೂತಿದ್ದೆವು. ಹಾಜರಿ ಕಡ್ಡಾಯ ಎಂದು ಸುತ್ತೋಲೆಯಲ್ಲೇ ಇತ್ತು. ತರಬೇತಿ ಕೊಡಲು ಬಂದಿದ್ದವರು ಮೆಲುದನಿಯ ಹೆಂಗಸು. ಅವರು ಎಲ್ಲರ ಅಂಗೈಗೂ ಒಂದೊಂದು ಒಣದ್ರಾಕ್ಷಿ ಇಟ್ಟು ಹೇಳಿದರು: ಇದನ್ನು ಜೀವನದಲ್ಲೇ ಮೊದಲ ಸಲ ನೋಡುತ್ತಿದ್ದೀರಿ ಅಂದುಕೊಳ್ಳಿ. ಇದರ ಹೆಸರು ಮರೆತುಬಿಡಿ. ಸುಕ್ಕುಗಳನ್ನು ನೋಡಿ, ಮೂಸಿ, ಕಿವಿಯ ಹತ್ತಿರ ಹಿಡಿದು ಹೊರಳಿಸಿ, ಆಮೇಲೆ ನಾಲಿಗೆಯ ಮೇಲಿಡಿ, ಕೂಡಲೇ ಅಗಿಯಬೇಡಿ.

ಆ ಪಾಠದಲ್ಲಿ ನಾನು ನಪಾಸಾದೆ. ವಿಜಯಪುರ ಜಿಲ್ಲೆಯ ನನ್ನಂಥವರಿಗೆ ಒಣದ್ರಾಕ್ಷಿಯನ್ನು ಮೊದಲ ಸಲ ನೋಡುವುದು ಸಾಧ್ಯವಿಲ್ಲ. ಮೂಗಿನ ಹತ್ತಿರ ಹಿಡಿದದ್ದೇ ತಡ, ಶೆಡ್ಡಿನ ವಾಸನೆ ಬಂತು. ಕೊಯ್ದ ದ್ರಾಕ್ಷಿಯನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆ ಕಲೆಸಿದ ನೀರಿನಲ್ಲಿ ಅದ್ದಿ, ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರಡಿ, ಸುಮಾರು ಎರಡು ವಾರ ನೆರಳಲ್ಲಿ ಒಣಗಿಸುತ್ತಾರೆ. ಬಣ್ಣ ಕೆಡದಿರಲಿ ಎಂದು ಗಂಧಕದ ಹೊಗೆ ಹಾಕುವುದೂ ಉಂಟು. ಆ ಎರಡು ವಾರದಲ್ಲಿ ಅಕಾಲದ ಮಳೆ ಬಂದರೆ ಆ ಮನೆಯ ಇಡೀ ವರ್ಷದ ಲೆಕ್ಕ ತಪ್ಪುತ್ತದೆ. ನಮ್ಮವ್ವ ನಾಲ್ಕು ಹಂಗಾಮು ಇಂಥ ಶೆಡ್ಡೊಂದರಲ್ಲಿ ತೊಟ್ಟು ಬಿಡಿಸಿ, ಬಣ್ಣ ನೋಡಿ ಆರಿಸುವ ಕೆಲಸ ಮಾಡಿದಳು. ಇದನ್ನೆಲ್ಲ ನಾನು ಬೇಕೆಂದು ನೆನೆಸಿಕೊಂಡದ್ದಲ್ಲ. ಅಂಗೈಯಲ್ಲಿದ್ದ ವಸ್ತುವಿನೊಳಗೇ ಅದು ಇತ್ತು.

ಅನುಭವ ಹಂಚಿಕೊಳ್ಳಿ ಎಂದಾಗ ಇದನ್ನೇ ಹೇಳಿದೆ. ಅವರು ನಕ್ಕು, ಬಹಳ ಸೌಜನ್ಯದಿಂದಲೇ, ‘ಅದು ನೆನಪು. ಬಂದದ್ದನ್ನು ಗಮನಿಸಿ, ಹೋಗಲು ಬಿಡಿ, ಈ ಕ್ಷಣಕ್ಕೆ ಬನ್ನಿ’ ಎಂದರು. ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಅವರು ಕಲಿತ ಪಾಠ ಹಾಗಿದೆ. ನನಗೆ ಉಳಿದದ್ದು ಆ ಪಾಠದ ಬಗೆಗಿನ ಪ್ರಶ್ನೆ. ಸಾಹಿತ್ಯ ವಿಮರ್ಶೆ ಓದುವವರು ಕತೆ, ಕವಿತೆಗಳನ್ನು ಹೇಗೆ ಓದುತ್ತೇವೋ ಹಾಗೆಯೇ ಈ ಒಣದ್ರಾಕ್ಷಿಯ ಪಾಠವನ್ನೂ ಒಂದು ಪಠ್ಯವಾಗಿ ಓದಬಹುದು. ಅದು ಎಲ್ಲಿ ಹುಟ್ಟಿತು, ಯಾರನ್ನು ಉದ್ದೇಶಿಸಿ ಮಾತಾಡುತ್ತದೆ, ಏನನ್ನು ಹೇಳದೆ ಬಿಡುತ್ತದೆ?

ಹುಟ್ಟಿದ ಜಾಗ ಆಸ್ಪತ್ರೆ. 1979ರಲ್ಲಿ ಜಾನ್ ಕಬಾಟ್-ಝಿನ್ ಅಮೆರಿಕದ ಮ್ಯಾಸಚುಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಒತ್ತಡ ನಿವಾರಣೆಯ ಕ್ಲಿನಿಕ್ ಒಂದನ್ನು ಆರಂಭಿಸಿದರು. ಅಲ್ಲಿಗೆ ಬರುತ್ತಿದ್ದವರಲ್ಲಿ ಹಲವರು ವರ್ಷಗಟ್ಟಲೆ ಬೆನ್ನುನೋವು, ತಲೆನೋವು ಅನುಭವಿಸಿ, ವೈದ್ಯರಿಂದ ಹೆಚ್ಚೇನೂ ಆಗದೆ ಉಳಿದವರು. ಕಬಾಟ್-ಝಿನ್ ಬೌದ್ಧ ಧ್ಯಾನದಿಂದ, ಹಠಯೋಗದಿಂದ ತೆಗೆದುಕೊಂಡ ಅಭ್ಯಾಸಗಳನ್ನು ಧರ್ಮದ ಮಾತು ಬಿಟ್ಟು ಎಂಟು ವಾರದ ಪಾಠವಾಗಿಸಿದರು. ಅದರ ಮೊದಲ ತರಗತಿಯಲ್ಲಿ ಬರುವುದೇ ಈ ಒಣದ್ರಾಕ್ಷಿ. ನಂತರ ಸೀಗಲ್, ವಿಲಿಯಮ್ಸ್ ಮತ್ತು ಟೀಸ್‌ಡೇಲ್ ಎಂಬ ಮೂವರು ಮನಃಶಾಸ್ತ್ರಜ್ಞರು ಖಿನ್ನತೆ ಮತ್ತೆ ಮತ್ತೆ ಮರುಕಳಿಸುವವರಿಗಾಗಿ ಇದನ್ನು ಮಾರ್ಪಡಿಸಿದರು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ವ್ಯವಸ್ಥೆಯೂ ಅದನ್ನು ಒಪ್ಪಿಕೊಂಡಿತು.

ಆಸ್ಪತ್ರೆಯ ಆ ಸನ್ನಿವೇಶದಲ್ಲಿ ಪಾಠಕ್ಕೆ ಅರ್ಥವಿದೆ. ನೋವಿನ ಕಾರಣವನ್ನು ಕಿತ್ತು ಹಾಕಲು ಆಗದಿದ್ದಾಗ ನೋವಿನ ಜೊತೆಗಿನ ಸಂಬಂಧವನ್ನಾದರೂ ಬದಲಿಸಿಕೊಳ್ಳುವುದು ವಿವೇಕ. ಬೆನ್ನುನೋವಿನ ಜೊತೆ ‘ಇದು ಯಾವಾಗ ಹೋಗುತ್ತದೋ, ನಾಳೆ ಏನಾಗುತ್ತದೋ’ ಎಂಬ ಎರಡನೆಯ ನೋವೂ ಸೇರಿಕೊಂಡಿರುತ್ತದೆ. ಅದನ್ನು ಇಳಿಸಿಕೊಳ್ಳಬಹುದು. ಆದರೆ ಈ ಪಾಠ ಆಸ್ಪತ್ರೆಯಿಂದ ಎದ್ದು ವಿಶ್ವವಿದ್ಯಾಲಯಕ್ಕೆ ಬಂದಾಗ ಒಂದು ಊಹೆಯೂ ಸದ್ದಿಲ್ಲದೆ ಜೊತೆಗೆ ಬಂದಿದೆ. ಇಲ್ಲಿನ ನೋವಿನ ಕಾರಣಗಳೂ ಕೀಳಲಾಗದವು ಎಂಬ ಊಹೆ ಅದು. ಐದು ತಿಂಗಳಿಂದ ಬಾರದ ಫೆಲೋಶಿಪ್ಪು ಬೆನ್ನುಮೂಳೆಯ ಸವೆತದ ಹಾಗಲ್ಲ. ಯಾವುದೋ ಮೇಜಿನ ಮೇಲೆ ಒಂದು ಕಡತ ಇದೆ. ಅದಕ್ಕೆ ಒಂದು ಸಹಿ ಬೇಕು.

ಹಾಗೆಂದು ಈ ಪಾಠವನ್ನೇ ತಳ್ಳಿಹಾಕುವ ಮಾತಿಗೆ ನಾನು ಬರಲಾರೆ. ಅದರ ಪರವಾಗಿ ಗಟ್ಟಿಯಾದ ಪುರಾವೆ ಇದೆ, ಮತ್ತು ಆ ಪುರಾವೆಯನ್ನು ಸರಿಯಾಗಿ ಓದಬೇಕು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ 2015–16ರ ಶೈಕ್ಷಣಿಕ ವರ್ಷದಲ್ಲಿ ನಡೆದ ಒಂದು ಪ್ರಯೋಗದ ಫಲಿತಾಂಶ ‘ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್’ ಪತ್ರಿಕೆಯಲ್ಲಿ ಪ್ರಕಟವಾಗಿದೆ. 616 ವಿದ್ಯಾರ್ಥಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಎಂದಿನ ಆಪ್ತಸಮಾಲೋಚನೆಯ ಸೌಲಭ್ಯದ ಜೊತೆಗೆ ಎಂಟು ವಾರದ ಮೈಂಡ್‌ಫುಲ್‌ನೆಸ್ ತರಗತಿ, ಇನ್ನೊಂದಕ್ಕೆ ಎಂದಿನ ಸೌಲಭ್ಯ ಮಾತ್ರ. ಪರೀಕ್ಷೆಯ ದಿನಗಳಲ್ಲಿ ಇಬ್ಬರ ಮನೋವ್ಯಥೆಯನ್ನೂ ಅಳೆದರು. ತರಗತಿ ಇಲ್ಲದ ಗುಂಪಿನಲ್ಲಿ ಉತ್ತರಿಸಿದವರ ಪೈಕಿ 57 ಶೇಕಡ ಜನ ಚಿಕಿತ್ಸೆಯ ದೃಷ್ಟಿಯಿಂದ ಗಮನಿಸಬೇಕಾದ ಮಿತಿಯನ್ನು ದಾಟಿದ್ದರು. ತರಗತಿ ಇದ್ದ ಗುಂಪಿನಲ್ಲಿ ಹಾಗೆ ದಾಟಿದವರು 37 ಶೇಕಡ.

ಇದು ಸಣ್ಣ ವ್ಯತ್ಯಾಸವಲ್ಲ. ಆದರೆ ಈ ಅಂಕಿಗಳಲ್ಲಿ ಇನ್ನೆರಡು ಸಂಗತಿಗಳೂ ಇವೆ. ಒಂದು, ಇವರೆಲ್ಲ ತಾವಾಗಿಯೇ ಹೆಸರು ಕೊಟ್ಟವರು, ಮತ್ತು ಅವರ ಬೆನ್ನಿಗೆ ಆಪ್ತಸಮಾಲೋಚನೆಯ ಕೇಂದ್ರವೊಂದು ಆಗಲೇ ಇತ್ತು. ತರಗತಿ ಅದರ ಜಾಗವನ್ನು ಕಸಿಯಲಿಲ್ಲ, ಅದರ ಪಕ್ಕದಲ್ಲಿ ನಿಂತಿತು. ಎರಡು, ತರಗತಿ ಮುಗಿಸಿದವರಲ್ಲೂ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಮಿತಿಯನ್ನು ದಾಟಿಯೇ ಇದ್ದರು. ಪರೀಕ್ಷೆ ಬಂದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳನ್ನು ಆ ಸ್ಥಿತಿಗೆ ತಳ್ಳುವ ಸಂಸ್ಥೆ ಎಂಥದ್ದು ಎಂದು ಆ ಪ್ರಯೋಗ ಕೇಳಲಿಲ್ಲ. ಕೇಳುವುದು ಅದರ ಕೆಲಸವೂ ಆಗಿರಲಿಲ್ಲ. ಆದರೆ ಫಲಿತಾಂಶವನ್ನು ಹಿಡಿದು ಸುತ್ತೋಲೆ ಹೊರಡಿಸುವವರು ಕೇಳಿಕೊಳ್ಳಬೇಕಲ್ಲ.

ಹೆಸರು ಕೊಟ್ಟು ಬಂದವರಿಗೂ ಕೂರಿಸಿದವರಿಗೂ ಇರುವ ವ್ಯತ್ಯಾಸವನ್ನು ಇನ್ನೊಂದು ಅಧ್ಯಯನದಲ್ಲಿ ಕಾಣಬಹುದು. ಬ್ರಿಟನ್ನಿನ ಎಂಬತ್ತಕ್ಕೂ ಹೆಚ್ಚು ಶಾಲೆಗಳಲ್ಲಿ ನಡೆದ ‘ಮಿರಿಯಡ್’ ಪ್ರಯೋಗದಲ್ಲಿ 11ರಿಂದ 14 ವರ್ಷದ 8,000ಕ್ಕೂ ಹೆಚ್ಚು ಮಕ್ಕಳಿದ್ದರು. ಅಲ್ಲಿ ಇಡೀ ತರಗತಿಗೇ ಮೈಂಡ್‌ಫುಲ್‌ನೆಸ್ ಪಾಠ ನಡೆಯಿತು. 2022ರಲ್ಲಿ ಬಂದ ಫಲಿತಾಂಶದ ಪ್ರಕಾರ, ಎಂದಿನ ಪಾಠಗಳಿಗಿಂತ ಇದರಿಂದ ಮಕ್ಕಳ ಮಾನಸಿಕ ಆರೋಗ್ಯಕ್ಕೆ ಹೆಚ್ಚಿನ ಪ್ರಯೋಜನವೇನೂ ಕಾಣಲಿಲ್ಲ. ಬಹುಪಾಲು ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ವಯಸ್ಸು ಬೇರೆ, ಸನ್ನಿವೇಶ ಬೇರೆ, ನಿಜ. ಆದರೂ ‘ಹಾಜರಿ ಕಡ್ಡಾಯ’ ಎಂದು ಬರೆಯುವ ಮುನ್ನ ಓದಬೇಕಾದ ಫಲಿತಾಂಶ ಇದು. ಕಣ್ಣು ಮುಚ್ಚಿ ಉಸಿರನ್ನು ಗಮನಿಸುವುದು ಎಲ್ಲರಿಗೂ ಹಿತವಾಗುತ್ತದೆ ಎನ್ನುವಂತಿಲ್ಲ. ದೊಡ್ಡ ಆಘಾತವೊಂದನ್ನು ಮೈಯಲ್ಲಿ ಹೊತ್ತವರಿಗೆ ಮೈಯ ಕಡೆ ಗಮನ ಹರಿಸುವುದೇ ಹಿಂಸೆ ಆಗಬಹುದು. ಅಂಥವರು ಎದ್ದು ಹೋಗಲು ಬಾಗಿಲು ತೆರೆದಿರಬೇಕು. ನಮ್ಮ ಹಾಲಿನ ಬಾಗಿಲಲ್ಲಿ ಹಾಜರಿ ಪುಸ್ತಕ ಇತ್ತು.

ಇನ್ನು ಪದದ ವಿಚಾರ. ಪಾಲಿಯ ‘ಸತಿ’ ಎಂಬ ಪದಕ್ಕೆ ಮೈಂಡ್‌ಫುಲ್‌ನೆಸ್ ಎಂಬ ಇಂಗ್ಲಿಷ್ ಪದವನ್ನು ಬಳಕೆಗೆ ತಂದವರು ಟಿ. ಡಬ್ಲ್ಯೂ. ರೀಸ್ ಡೇವಿಡ್ಸ್, 1881ರ ತಮ್ಮ ಅನುವಾದದಲ್ಲಿ. ಸಿಲೋನಿನಲ್ಲಿ ಬ್ರಿಟಿಷ್ ಆಡಳಿತದ ಅಧಿಕಾರಿಯಾಗಿದ್ದು, ಅಲ್ಲೇ ಪಾಲಿ ಕಲಿತವರು ಅವರು. ‘ಸತಿ’ ಎಂದರೆ ಸಂಸ್ಕೃತದ ‘ಸ್ಮೃತಿ’, ಎಂದರೆ ನೆನಪು. ಸತಿಯುಳ್ಳವನು ಯಾರು ಎಂಬುದಕ್ಕೆ ಪಾಲಿ ಸುತ್ತಗಳೇ ಕೊಡುವ ವಿವರಣೆಯಲ್ಲಿ, ಬಹಳ ಹಿಂದೆ ಮಾಡಿದ್ದನ್ನೂ ಆಡಿದ್ದನ್ನೂ ನೆನಪಿಗೆ ತಂದುಕೊಳ್ಳಬಲ್ಲವನು ಎಂಬ ಅರ್ಥ ಬರುತ್ತದೆ. ‘ಅದು ನೆನಪು, ಹೋಗಲು ಬಿಡಿ’ ಎಂದು ನಮ್ಮ ಹಾಲಿನಲ್ಲಿ ಹೇಳಿದ ಅಭ್ಯಾಸದ ಮೂಲ ಹೆಸರೇ ನೆನಪು!

ಪದ ತನ್ನ ಮೂಲಾರ್ಥದಲ್ಲೇ ಉಳಿಯಬೇಕೆಂಬ ಹಟ ನನಗಿಲ್ಲ. ಧ್ಯಾನದ ಸಂದರ್ಭದಲ್ಲಿ ಸತಿಗೆ ಸದ್ಯದ ಎಚ್ಚರ ಎಂಬ ಅರ್ಥವೂ ಬೌದ್ಧ ಪರಂಪರೆಯಲ್ಲೇ ಇದೆ. ಆದರೆ ನೆನಪನ್ನು ಪೂರ್ತಿ ಕಳಚಿಟ್ಟ ಎಚ್ಚರ ಈಚಿನದು. ಮಜ್ಝಿಮನಿಕಾಯದ ಹತ್ತನೆಯ ಸುತ್ತವಾದ ಸತಿಪಟ್ಠಾನದಲ್ಲಿ ಮೈ, ವೇದನೆ, ಚಿತ್ತ, ಧಮ್ಮ ಎಂಬ ನಾಲ್ಕು ನೆಲೆಗಳನ್ನು ಗಮನಿಸುವ ಕ್ರಮ ಇದೆ. ಪ್ರತಿಯೊಂದರ ಕೊನೆಗೂ ಒಂದು ಮಾತು ಮರುಕಳಿಸುತ್ತದೆ: ಇದನ್ನು ಒಳಗೆ ನೋಡಬೇಕು, ಹೊರಗೆ ನೋಡಬೇಕು, ಒಳಗೂ ಹೊರಗೂ ನೋಡಬೇಕು. ‘ಹೊರಗೆ’ ಎಂದರೆ ಇತರರ ಮೈ, ಇತರರ ವೇದನೆ ಎಂದು ವ್ಯಾಖ್ಯಾನಕಾರರು ಅರ್ಥ ಮಾಡಿದ್ದಾರೆ. ವಿಶ್ವವಿದ್ಯಾಲಯಗಳಿಗೆ ಬಂದಿರುವ ಪಾಠದಲ್ಲಿ ‘ಒಳಗೆ’ ಎಂಬ ಒಂದು ಪಾಲು ಹೆಚ್ಚಾಗಿ ಉಳಿದಿದೆ. ನನ್ನ ನಾಲಿಗೆಯ ಮೇಲಿನ ರುಚಿಯನ್ನು ನಾನು ಗಮನಿಸಬೇಕು. ಅದನ್ನು ಆರಿಸಿದ ಕೈಯ ವೇದನೆ ಪಾಠದ ಹೊರಗೆ ಉಳಿಯುತ್ತದೆ. ಈ ಹಣ್ಣು ನಿಮ್ಮ ಕೈಗೆ ಬರಲು ಎಷ್ಟು ಜನ ದುಡಿದರು ಎಂದು ಕೇಳುವ ತರಬೇತುದಾರರೂ ಇದ್ದಾರೆ ಎಂದು ಬಲ್ಲೆ. ಆದರೆ ಅಲ್ಲಿ ಹೆಚ್ಚಾಗಿ ಪ್ರಶ್ನೆ ಕೃತಜ್ಞತೆಯಲ್ಲಿ ನಿಂತುಬಿಡುತ್ತದೆ, ಕೂಲಿಯ ತನಕ ಬರುವುದಿಲ್ಲ.

ಕನ್ನಡದಲ್ಲಿ ಇದಕ್ಕೇನು ಹೇಳೋಣ? ‘ಸಾವಧಾನ’ ಎಂಬ ಪದವನ್ನು ಕೆಲವರು ಬಳಸುತ್ತಾರೆ. ಆಡುಮಾತಿನಲ್ಲಿ ಅದಕ್ಕೆ ನಿಧಾನ, ತಾಳ್ಮೆ ಎಂಬ ಅರ್ಥ. ಎನ್‌ಸಿಸಿ ಕವಾಯತಿನಲ್ಲಿ ಅದೇ ‘ಸಾವಧಾನ್’ ಎಂದರೆ ಅಲುಗಾಡದೆ ನಿಲ್ಲು ಎಂಬ ಆಜ್ಞೆ. ಕಾರ್ಯಾಗಾರದ ಸುತ್ತೋಲೆಯಲ್ಲಿ ಈ ಎರಡನೆಯ ಅರ್ಥವೇ ಹೆಚ್ಚು ಕೇಳಿಸಿತು. ವಚನಕಾರರು ಬಳಸಿದ ‘ಅರಿವು’ ನನಗೆ ಹೆಚ್ಚು ಸರಿ ಕಾಣುತ್ತದೆ. ವಚನಗಳಲ್ಲಿ ಅದರ ಎದುರು ನಿಲ್ಲುವ ಪದ ‘ಮರವೆ’, ಎಂದರೆ ಅರಿವಿನಲ್ಲಿ ನೆನಪು ಸೇರಿಯೇ ಇದೆ. ಜೊತೆಗೆ, ಅಲ್ಲಿ ಅರಿವಿನ ಮಾತು ನಡೆಯ, ಕಾಯಕದ ಮಾತಿನಿಂದ ದೂರ ಹೋಗುವುದಿಲ್ಲ. ಅರಿತ ಮೇಲೆ ನಡೆಯಬೇಕು. ಅರಿತು ಸುಮ್ಮನೆ ಕೂರುವುದಕ್ಕೆ ಅವರು ದೊಡ್ಡ ಬೆಲೆ ಕೊಟ್ಟಂತೆ ಕಾಣುವುದಿಲ್ಲ.

ಒಳಗೂ ಹೊರಗೂ ನೋಡುವ ಬುದ್ಧನನ್ನು ಆಧುನಿಕ ಭಾರತದಲ್ಲಿ ಎಲ್ಲರಿಗಿಂತ ಸ್ಪಷ್ಟವಾಗಿ ಕಟ್ಟಿಕೊಟ್ಟವರು ಅಂಬೇಡ್ಕರ್. ಅವರು ತೀರಿಕೊಂಡ ಮರುವರ್ಷ, 1957ರಲ್ಲಿ ಪ್ರಕಟವಾದ ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಸಿದ್ಧಾರ್ಥ ಮನೆ ಬಿಟ್ಟದ್ದು ಮುದುಕ, ರೋಗಿ, ಶವಗಳನ್ನು ಕಂಡು ಬೆದರಿದ್ದರಿಂದಲ್ಲ. ರೋಹಿಣಿ ನದಿಯ ನೀರಿಗಾಗಿ ಶಾಕ್ಯರಿಗೂ ಕೋಲಿಯರಿಗೂ ಜಗಳವಾಗಿ, ಶಾಕ್ಯ ಸಂಘ ಯುದ್ಧಕ್ಕೆ ನಿರ್ಧರಿಸುತ್ತದೆ. ಅದನ್ನು ಸಿದ್ಧಾರ್ಥ ವಿರೋಧಿಸುತ್ತಾನೆ, ಸಂಘದ ಬಹುಮತದ ಎದುರು ಸೋತು ದೇಶ ಬಿಡುವುದನ್ನು ಒಪ್ಪಿಕೊಳ್ಳುತ್ತಾನೆ. ದುಃಖದ ಬೇರು ಇಲ್ಲಿ ನೀರಿನ ಹಂಚಿಕೆಯಲ್ಲಿದೆ. ದುಃಖವನ್ನು ಒಬ್ಬೊಬ್ಬರ ಮನಸ್ಸಿನ ಸಮಸ್ಯೆಯಾಗಿ ಮಾತ್ರ ನೋಡುವ ಬೌದ್ಧಧರ್ಮ ಅಂಬೇಡ್ಕರ್ ಅವರಿಗೆ ಬೇಕಿರಲಿಲ್ಲ. ಮನುಷ್ಯ ಮನುಷ್ಯರ ನಡುವಿನ ಸಂಬಂಧ ಸರಿಹೋಗುವುದೇ ಅವರ ಧಮ್ಮದ ನಡುವಿನ ಮಾತು. ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಈ ಪುಸ್ತಕದ ಹಲವು ಪ್ರತಿಗಳಿವೆ. ಕಾರ್ಯಾಗಾರಕ್ಕೆ ಬಂದ ಬುದ್ಧ ಮಾತ್ರ ಬೇರೆಯವನು.

ಈ ಆಯ್ಕೆ ನಮ್ಮಲ್ಲಿ ಬರೀ ಪಾಂಡಿತ್ಯದ ವಿಚಾರವಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡಿದ್ದಾರೆ. ಒಂದು ಸಾವಿಗೂ ಒಂದೇ ಕಾರಣ ಹೇಳುವುದು ತಪ್ಪು. ಆದರೆ ಕಾರಣಗಳ ಬಗ್ಗೆ ಮಾತೇ ಬೇಡ ಎನ್ನುವುದು ಇನ್ನೂ ದೊಡ್ಡ ತಪ್ಪು. 2016ರ ಜನವರಿಯಲ್ಲಿ ಹೈದರಾಬಾದಿನಲ್ಲಿ ತೀರಿಕೊಂಡ ರೋಹಿತ್ ವೇಮುಲ ಪಿಎಚ್.ಡಿ. ವಿದ್ಯಾರ್ಥಿ. ಅವರ ಫೆಲೋಶಿಪ್ಪು ತಿಂಗಳುಗಟ್ಟಲೆ ನಿಂತಿತ್ತು, ಅವರನ್ನೂ ಇನ್ನು ನಾಲ್ವರು ದಲಿತ ಸಂಶೋಧಕರನ್ನೂ ಹಾಸ್ಟೆಲಿನಿಂದ ಹೊರಗಿಟ್ಟಿದ್ದರು. 2025ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ನೇತೃತ್ವದಲ್ಲಿ ರಾಷ್ಟ್ರೀಯ ಕಾರ್ಯಪಡೆ ರಚಿಸಿದಾಗ ಅದರ ಮುಂದೆ ಇಟ್ಟ ಕಾರಣಗಳ ಪಟ್ಟಿಯಲ್ಲಿ ಜಾತಿ ತಾರತಮ್ಯ, ರ‍್ಯಾಗಿಂಗ್, ಓದಿನ ಒತ್ತಡ, ಹಣದ ಹೊರೆ ಎಲ್ಲವೂ ಇವೆ. ನ್ಯಾಯಾಲಯಕ್ಕೆ ಕಂಡದ್ದು ನಮ್ಮ ಸೆಮಿನಾರ್ ಹಾಲಿನ ಪರದೆಯ ಮೇಲೆ ಕಾಣಲಿಲ್ಲ. ಅಲ್ಲಿ ಒತ್ತಡದ ಕಾರಣಗಳೆಂದು ಇದ್ದದ್ದು ಮೂರು: ಮೊಬೈಲು, ಹೋಲಿಕೆ, ಸಮಯದ ನಿರ್ವಹಣೆ.

ರೊನಾಲ್ಡ್ ಪರ್ಸರ್ 2019ರಲ್ಲಿ ಬರೆದ ‘ಮ್ಯಾಕ್‌ಮೈಂಡ್‌ಫುಲ್‌ನೆಸ್’ ಪುಸ್ತಕದ ವಾದ ಹೆಚ್ಚುಕಡಿಮೆ ಇದೇ. ವ್ಯವಸ್ಥೆ ಹುಟ್ಟಿಸಿದ ಒತ್ತಡವನ್ನು ವ್ಯಕ್ತಿಯ ತಲೆಯೊಳಗಿನ ದೋಷವಾಗಿ ತೋರಿಸಿ, ಅದನ್ನು ಸರಿಪಡಿಸಿಕೊಳ್ಳುವ ಹೊಣೆಯನ್ನು ಅವನ ಮೇಲೇ ಹಾಕುವುದನ್ನು ಅವರು ಟೀಕಿಸುತ್ತಾರೆ. ಅಭ್ಯಾಸದಿಂದ ನೆಮ್ಮದಿ ಸಿಗುತ್ತದೆ ಎಂಬುದನ್ನು ಪರ್ಸರ್ ಅಲ್ಲಗಳೆಯುವುದಿಲ್ಲ. ಅವರ ಪುಸ್ತಕದ ಹೆಸರನ್ನಷ್ಟೇ ಹಿಡಿದು ಮಾತಾಡುವ ನಮ್ಮ ಕ್ಯಾಂಪಸ್ಸಿನ ಗೆಳೆಯರು ಮಾತ್ರ ಅಲ್ಲಗಳೆಯುತ್ತಾರೆ. ಅವರ ಜೊತೆ ನಾನು ಪೂರ್ತಿ ಹೋಗಲಾರೆ. ನನ್ನ ರೂಮಿನ ಪಕ್ಕದ ಹುಡುಗ ಕಾರ್ಯಾಗಾರದ ನಂತರ ದಿನವೂ ಹತ್ತು ನಿಮಿಷ ಉಸಿರಿನ ಅಭ್ಯಾಸ ಮಾಡುತ್ತಾನೆ. ಎರಡು ವರ್ಷದಿಂದ ಸರಿಯಾಗಿ ನಿದ್ದೆ ಬಾರದವನು ಈಗ ಮಲಗುತ್ತಾನೆ. ಅವನಿಗೆ ಇದು ಬಂಡವಾಳಶಾಹಿಯ ತಂತ್ರ ಎಂದು ಹೇಳುವ ಹಕ್ಕು ನನಗೆಲ್ಲಿದೆ? ನಾನು ಕೂಡ ಸಂಶೋಧನಾ ಸಮಿತಿಯ ಮುಂದೆ ಕೂರುವ ಮೊದಲು, ಕೈ ನಡುಗುತ್ತಿದ್ದಾಗ, ಕಾರಿಡಾರಿನಲ್ಲಿ ನಿಂತು ಅವರು ಹೇಳಿಕೊಟ್ಟ ಮೂರು ನಿಮಿಷದ ಅಭ್ಯಾಸ ಮಾಡಿದ್ದೇನೆ. ನಡುಕ ನಿಂತಿತ್ತು. ಒಳಗೆ ಹೋಗಿ ಕೇಳಬೇಕಾದ ಪ್ರಶ್ನೆಯನ್ನು ಕೇಳಿದ್ದೆ.

ಆ ಕಾರಿಡಾರಿನ ಅನುಭವದಿಂದ ನನಗೆ ತಿಳಿದದ್ದು, ಸಮಾಧಾನಕ್ಕೂ ಪ್ರತಿಭಟನೆಗೂ ಹುಟ್ಟಾ ಹಗೆ ಇಲ್ಲ ಎಂದು. ಕೈ ನಡುಗದೆ ಇದ್ದರೆ ಅರ್ಜಿಯನ್ನೂ ಚೆನ್ನಾಗಿ ಬರೆಯಬಹುದು. ತೊಂದರೆ ಇರುವುದು ಆಡಳಿತ ಒಂದನ್ನು ಕೊಟ್ಟು ಇನ್ನೊಂದರ ಲೆಕ್ಕ ಚುಕ್ತಾ ಮಾಡಿಕೊಳ್ಳುವುದರಲ್ಲಿ. ಕಾರ್ಯಾಗಾರ ಅಗ್ಗ. ಒಂದು ದಿನ, ಒಂದು ಹಾಲು, ಒಂದು ಕಿಲೋ ಒಣದ್ರಾಕ್ಷಿ. ಕಾಯಂ ಆಪ್ತಸಮಾಲೋಚಕರ ನೇಮಕ, ಮಾರ್ಗದರ್ಶಕರ ಮೇಲಿನ ದೂರನ್ನು ಹೆದರದೆ ಕೊಡಬಹುದಾದ ಒಂದು ಜಾಗ, ತಿಂಗಳಿಗೆ ಸರಿಯಾಗಿ ಬರುವ ಫೆಲೋಶಿಪ್ಪು ಇವೆಲ್ಲ ದುಬಾರಿ. ಅಗ್ಗದ್ದನ್ನು ಮಾಡಿ ವರದಿಯಲ್ಲಿ ‘ವಿದ್ಯಾರ್ಥಿ ಕ್ಷೇಮ’ ಎಂಬ ಅಂಕಣ ತುಂಬಿದರೆ ದುಬಾರಿಯದ್ದರ ಪ್ರಶ್ನೆ ಏಳುವುದೇ ಇಲ್ಲ.

ಹಾಗಾದರೆ ಒಳ್ಳೆಯ ತರಗತಿ ಹೇಗಿರಬಹುದು? ಕೇಂಬ್ರಿಡ್ಜಿನಿಂದ ಕಲಿಯುವುದಾದರೆ ಪೂರ್ತಿ ಕಲಿಯೋಣ. ಇಷ್ಟಪಟ್ಟವರಿಗೆ ಮಾತ್ರ, ಒಂದು ದಿನವಲ್ಲ ಎಂಟು ವಾರ, ತರಬೇತಿ ಪಡೆದವರಿಂದ, ಆಪ್ತಸಮಾಲೋಚಕರ ಜೊತೆಗೆ. ಹಾಜರಿ ಪುಸ್ತಕ ಬೇಡ. ರಾತ್ರಿ ಹೊತ್ತಲ್ಲಿ ತೀರಾ ಕಷ್ಟವಾದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನು ಮಾಡಬಹುದು ಎಂಬುದನ್ನು ಮೊದಲ ದಿನವೇ ಎಲ್ಲರಿಗೂ ಹೇಳಬೇಕು. ಇದೆಲ್ಲದರ ಮೇಲೆ ಸತಿಪಟ್ಠಾನದ ಆ ಬಿಟ್ಟುಹೋದ ಪಾಲು, ‘ಹೊರಗೆ’ ಎಂಬುದು, ತರಗತಿಗೆ ಮರಳಬೇಕು. ಎದೆ ಬಿಗಿಯಾಗಿದೆ ಎಂದು ಗಮನಿಸಿದ ಹುಡುಗಿ ಯಾವ ಕೋಣೆಯ ಬಾಗಿಲು ಕಂಡಾಗ ಬಿಗಿಯಾಗುತ್ತದೆ ಎಂಬುದನ್ನೂ ಗಮನಿಸಲಿ. ಹತ್ತು ಜನ ಅದೇ ಬಾಗಿಲನ್ನು ಹೇಳಿದರೆ ಅದು ಅವರ ಮನಸ್ಸಿನ ಸುದ್ದಿಯಲ್ಲ, ಆ ಕೋಣೆಯ ಸುದ್ದಿ. ಹೆಸರು ಬಿಟ್ಟು ಆ ಸುದ್ದಿಯನ್ನು ಆಡಳಿತಕ್ಕೆ ಮುಟ್ಟಿಸುವ ದಾರಿ ಇರಬೇಕು.

ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಅವ್ವನಿಗೆ ಈ ಒಣದ್ರಾಕ್ಷಿಯ ಪಾಠದ ಬಗ್ಗೆ ಹೇಳಿದೆ. ಒಂದು ಹಣ್ಣನ್ನು ಹತ್ತು ನಿಮಿಷ ನೋಡುತ್ತ ಕೂತಿದ್ದೆವು ಎಂದಾಗ ಅವಳಿಗೆ ನಗು ತಡೆಯಲಾಗಲಿಲ್ಲ. ‘ಹತ್ತು ನಿಮಿಷಕ್ಕ ಒಂದ ಹಣ್ಣ ಆರಿಸಿದ್ರ ಸಂಜೀಕ ಕೂಲಿ ಯಾರ ಕೊಡ್ತಾರಪಾ’ ಎಂದಳು. ಆಮೇಲೆ ತುಸು ಹೊತ್ತು ಸುಮ್ಮನಿದ್ದು, ಶೆಡ್ಡಿನಲ್ಲಿ ಕೆಲಸ ಮಾಡುವಾಗ ಬೇರೆ ಏನೂ ನೆನಪಾಗುತ್ತಿರಲಿಲ್ಲ, ಕಣ್ಣು ಕೈ ಎರಡೇ ಇರುತ್ತಿದ್ದವು, ಸಾಲದ ಚಿಂತೆ ಕೂಡ ಮನೆಗೆ ಬಂದ ಮೇಲೇ ಬರುತ್ತಿತ್ತು ಎಂದಳು. ಅವಳು ಹೇಳಿದ ಎರಡು ಮಾತೂ ನಿಜ. ಗಮನದಿಂದ ಚಿಂತೆ ದೂರವಾಗುತ್ತದೆ. ಗಮನದಿಂದ ಸಾಲ ತೀರುವುದಿಲ್ಲ.

ಕಾರ್ಯಾಗಾರದ ಕೊನೆಗೆ ನಮಗೆಲ್ಲ ಒಂದು ಪ್ರತಿಕ್ರಿಯೆಯ ಫಾರಂ ಕೊಟ್ಟಿದ್ದರು. ‘ಈಗ ನಿಮಗೆ ಎಷ್ಟು ನಿರಾಳ ಅನ್ನಿಸುತ್ತಿದೆ?’ ಎಂಬ ಪ್ರಶ್ನೆಯ ಮುಂದೆ ಅಳುವ ಮುಖದಿಂದ ನಗುವ ಮುಖದ ತನಕ ಐದು ಮುಖಗಳಿದ್ದವು. ನನಗೆ ನಿರಾಳವೇ ಆಗಿತ್ತು, ಸುಳ್ಳು ಹೇಳಲಾರೆ. ನಾಲ್ಕನೆಯ ಮುಖಕ್ಕೆ ಗುರುತು ಹಾಕಿದೆ. ಆಮೇಲೆ ಹಾಳೆ ಮಗುಚಿ, ಹಿಂಬದಿಯ ಖಾಲಿ ಜಾಗದಲ್ಲಿ ನಮ್ಮ ಬ್ಯಾಚಿನವರಿಗೆ ಯಾವ ಯಾವ ತಿಂಗಳ ಫೆಲೋಶಿಪ್ಪು ಬಂದಿಲ್ಲ ಎಂದು ಬರೆದು, ಪಕ್ಕದಲ್ಲಿದ್ದವರಿಗೂ ಬರೆಯಲು ಹೇಳಿದೆ.